ಕೊಬ್ಬರಿ ಮನೆಗೆ ಬಂದ ವಿಟಮಿನ್ ಇ

ಬಿಳಿಗೆರೆಯಲ್ಲಿ ನಮ್ಮ ಕಡೆಯವರ ಗೃಹಪ್ರವೇಶ. ಊಟವಾದ ಮೇಲೆ ಫೋಟೋಗೆಂದು ಎಲ್ಲರೂ ಹೊಸ ಮನೆಯ ಮೆಟ್ಟಿಲ ಮೇಲೆ ನಿಂತಿದ್ದೆವು. ಫೋಟೋ ತೆಗೆಯುವವನು ಕ್ಯಾಮೆರಾದಿಂದ ಕಣ್ಣು ತೆಗೆದು, ನೇರವಾಗಿ ನನ್ನನ್ನೇ ನೋಡಿ, "ಅಜ್ಜಿ, ವಸಿ ಈ ಕಡೀಕ್ ಬನ್ನಿ, ಅಂಕಲ್ ಮರೆಯಾಗ್ತಾ ಅವ್ರೆ" ಅಂದ.

ಅಂಕಲ್ ಎಂದರೆ ನನ್ನ ಗಂಡ. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವರು. ಆದರೆ ತಲೆಗೆ ಬಣ್ಣ ಹಾಕುವುದನ್ನು ಕಲಿತ ದಿನದಿಂದ ತಮ್ಮ ವಯಸ್ಸು ಅಲ್ಲಿಗೇ ನಿಂತಿದೆ ಎಂದು ನಂಬಿಕೊಂಡಿದ್ದಾರೆ. ಆ ಫೋಟೋದಲ್ಲಿ ಅವರು ಬಾಯಿ ತುಂಬ ನಗುತ್ತಿದ್ದಾರೆ. ಪಕ್ಕದಲ್ಲಿ ನಾನು, ಅಜ್ಜಿ ಎಂದು ಕರೆಸಿಕೊಳ್ಳಲು ಲಾಯಕ್ಕಾದ ಮುಖ ಮಾಡಿಕೊಂಡು ನಿಂತಿದ್ದೇನೆ.

ತಿಪಟೂರಿಗೆ ವಾಪಸಾಗುವ ದಾರಿಯಲ್ಲೂ ಅವರ ನಗು ನಿಲ್ಲಲಿಲ್ಲ. ಗೇರು ಬದಲಾಯಿಸುವಾಗೊಮ್ಮೆ, ರಸ್ತೆಯ ಹಂಪು ದಾಟುವಾಗೊಮ್ಮೆ ನೆನಪಿಸಿಕೊಂಡು ನಗುತ್ತಿದ್ದರು. ನಮ್ಮದು ಕೊಬ್ಬರಿ ಮಂಡಿ ನಡೆಸುವ ಮನೆ. ನಾನು ತುರುವೇಕೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಪಾಠ ಮಾಡುತ್ತೇನೆ. ದಿನವೂ ಬಸ್ಸಿನಲ್ಲಿ ಓಡಾಡುವುದು. ಬಿಸಿಲು, ರಸ್ತೆಯ ಧೂಳು, ಸೀಮೆಸುಣ್ಣದ ಪುಡಿ ಎಲ್ಲವೂ ಮುಖದ ಮೇಲೆ ಕೂರುತ್ತವೆ ಎಂಬುದು ಗೊತ್ತಿತ್ತು. ಇಷ್ಟರ ಮಟ್ಟಿಗೆ ಕೂತಿವೆ ಎಂಬುದು ಗೊತ್ತಿರಲಿಲ್ಲ.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ನಡೆದದ್ದನ್ನು ಹೇಳಿದೆ. ಯಾರಾದರೂ "ಛೆ, ಅವನಿಗೆ ಕಣ್ಣು ಕಾಣಲ್ಲ ಬಿಡಿ" ಅನ್ನುತ್ತಾರೆಂದು ಕಾದೆ. ಯಾರೂ ಅನ್ನಲಿಲ್ಲ. ಗಣಿತದ ಮೇಡಂ ಎದ್ದು ಬಂದು, ನನ್ನ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, ಸಂತೆಯಲ್ಲಿ ಬದನೆಕಾಯಿಯ ಹುಳುಕು ಹುಡುಕುವವರ ಹಾಗೆ ನೋಡಿದರು.

"ಮುಖಕ್ಕೆ ಏನ್ ಹಾಕ್ತೀರಿ ಮೇಡಂ?"

"ಸೋಪು."

ಅವರು ಸಾವಿನ ಸುದ್ದಿ ಕೇಳಿದವರಂತೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಮೇಜಿನ ತುದಿಗೆ ಕೂತು ಉಪದೇಶ ಶುರು ಮಾಡಿದರು. ಮೊದಲು ಫೇಸ್‌ವಾಶ್, ಆಮೇಲೆ ಟೋನರ್, ಅದಾದ ಮೇಲೆ ಸೀರಮ್, ಅದರ ಮೇಲೆ ಕ್ರೀಮು, ಎಲ್ಲದರ ಮೇಲೆ ಎರಡೇ ಹನಿ ವಿಟಮಿನ್ ಇ ಎಣ್ಣೆ. ಉಜ್ಜಬಾರದು, ಬೆರಳ ತುದಿಯಲ್ಲಿ ತಟ್ಟಬೇಕು. ಅದಕ್ಕೂ ಮುಂಚೆ ಮೊಣಕೈ ಒಳಮಡಿಕೆಗೆ ಒಂದು ಹನಿ ಹಚ್ಚಿ, ಒಂದು ದಿನ ಬಿಟ್ಟು, ಕೆಂಪಗಾಗುತ್ತದೋ ಏನೋ ನೋಡಬೇಕು. ಎಲ್ಲವನ್ನೂ ಫೋನಿನಲ್ಲಿ ನೋಡಿ ಕಲಿತದ್ದಂತೆ. ಇಷ್ಟು ಬಿಡಿಸಿ ಬಿಡಿಸಿ ತ್ರಿಕೋನದ ಪ್ರಮೇಯ ಹೇಳಿಕೊಟ್ಟಿದ್ದರೆ ನಮ್ಮ ಹತ್ತನೇ ತರಗತಿಯ ಮಕ್ಕಳು ಉದ್ಧಾರವಾಗಿರುತ್ತಿದ್ದರು.

ಎಣ್ಣೆ ತರಿಸಿದೆ. ಕೊರಿಯರಿನವನು ಅದನ್ನು ಮಂಡಿಗೆ ಕೊಟ್ಟುಹೋಗಿದ್ದ. ಗಂಡ ಡಬ್ಬಿ ಬಿಚ್ಚಿ, ಕಿವಿಗೆ ಹಾಕುವ ಔಷಧಿಯ ಶೀಶೆಯಷ್ಟಿದ್ದ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡೇ ಮನೆಯೊಳಗೆ ಬಂದರು.

"ಏನೇ ಇದು? ಅಟ್ಟದ ತುಂಬಾ ಕೊಬ್ಬರಿ ಬಿದ್ದೈತೆ. ಗಾಣಕ್ಕೆ ಹಾಕ್ಸಿದ್ರೆ ಊರಿಗೆಲ್ಲಾ ಬಳೀಬೋದು. ನಿಂಗೆ ಈ ಕಣ್ಣೀರಷ್ಟು ಎಣ್ಣೆ ಎಲ್ಲಿಂದಾನೋ ಬರ್ಬೇಕಾ?"

"ಕೊಬ್ಬರಿ ಎಣ್ಣೇಲಿ ಅಂದ ಬರಂಗಿದ್ರೆ ನಿಮ್ ಮಂಡಿಯವರೆಲ್ಲಾ ಮನ್ಮಥರಾಗಿರ್ಬೇಕಿತ್ತು ಕಣ್ರೀ" ಅಂದೆ.

ಹೊರಗಿನಿಂದ ಬರುವವರಿಗೆ ನಮ್ಮ ಸೀಮೆಯ ಬಗ್ಗೆ ಇಂಥದ್ದೇ ಒಂದು ಭ್ರಮೆ. "ನಿಮಗೇನು ಬಿಡಿ, ಎಣ್ಣೆ ಮನೇದು" ಎಂದು ಹೊಟ್ಟೆ ಉರಿದುಕೊಳ್ಳುತ್ತಾರೆ. ನಮ್ಮ ಅತ್ತೆ ಬುದ್ಧಿ ಬಂದಾಗಿನಿಂದ ತಲೆಗೆ, ಕೈಗೆ, ಕಾಲಿಗೆ, ಮುಖಕ್ಕೆ ಮನೆಯ ಎಣ್ಣೆಯನ್ನೇ ಹಚ್ಚಿಕೊಂಡು ಬಂದವರು. ಅವರ ಕೆನ್ನೆ ಈಗ ಅಟ್ಟದಲ್ಲಿ ವರ್ಷ ಕಳೆದ ಉಂಡೆ ಕೊಬ್ಬರಿಯ ಹಾಗೆಯೇ ಇದೆ. ಕೊಬ್ಬರಿಗಾದರೆ ಆ ಸುಕ್ಕಿಗೆ ಬೆಲೆ ಸಿಗುತ್ತದೆ.

ಪ್ರಯೋಗ ಮಾಡುವ ಮುಂಚೆ ಎಚ್ಚರಿಕೆಯ ಸೂಚನೆ ಓದಿ ಎಂದು ವರ್ಷವಿಡೀ ಮಕ್ಕಳ ತಲೆ ತಿನ್ನುವ ವಿಜ್ಞಾನದ ಟೀಚರು ನಾನು. ಮೊಣಕೈಗೆ ಹಚ್ಚಿ ಒಂದು ದಿನ ಕಾಯುವ ತಾಳ್ಮೆ ನನಗಿರಲಿಲ್ಲ. ಅವತ್ತೇ ಮಲಗುವ ಮುಂಚೆ ಮುಖಕ್ಕೆ ಹಾಕಿಕೊಂಡೆ. ಎಣ್ಣೆ ಹರಳೆಣ್ಣೆಗಿಂತ ಮಂದವಾಗಿತ್ತು. ಎರಡು ಹನಿ ನನ್ನ ಮುಖಕ್ಕೆ ಯಾವ ಮೂಲೆಗೆ ಸಾಲುತ್ತದೆ ಅನ್ನಿಸಿ, ಇನ್ನಷ್ಟು ಸುರಿದುಕೊಂಡೆ. ಬೆಳಿಗ್ಗೆ ದಿಂಬಿನ ಬಟ್ಟೆ ಕೆನ್ನೆಗೆ ಅಂಟಿಕೊಂಡಿತ್ತು. ಕಿತ್ತು ನೋಡಿದರೆ ಗದ್ದದ ಹತ್ತಿರ ಒಂದು ಸೊಳ್ಳೆ ಸಿಕ್ಕಿಕೊಂಡು ಸತ್ತಿತ್ತು. ನನ್ನ ಸೌಂದರ್ಯಕ್ಕೆ ಬಲಿಯಾದ ಮೊದಲ ಗಂಡು ಅದೇ ಅಂದುಕೊಂಡೆ. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ ಎಂದು ಪಾಠ ಮಾಡುವವಳು ನಾನೇ ಎಂಬುದು ಆಮೇಲೆ ನೆನಪಾಯಿತು.

ಶಾಲೆಯಲ್ಲಿ ಹೆಡ್‌ಮಾಸ್ಟರು ನನ್ನನ್ನು ನಿಲ್ಲಿಸಿ, "ಮೇಡಂ, ಜ್ವರ ಬಂದಂಗದೆ. ಬೆವರ್ತಾ ಇದ್ದೀರಿ. ರಜಾ ಹಾಕಿ ಹೋಗಿ" ಅಂದರು.

"ಅದು ಗ್ಲೋ ಸಾರ್" ಎಂದರು ಗಣಿತದ ಮೇಡಂ.

ಹೆಡ್‌ಮಾಸ್ಟರು ಇನ್ನೊಂದು ಸಲ ನೋಡಿ, ಬೆಲ್ ಹೊಡೆಸಲು ಹೋದರು.

ಅತ್ತೆಗೂ ಗೊತ್ತಾಯಿತು. ಬೈಯುತ್ತಾರೆಂದುಕೊಂಡಿದ್ದೆ. ಅವರು ಶೀಶೆಯನ್ನು ಮೂಸಿ ನೋಡಿ, "ನಂಗೂ ವಸಿ ಹಾಕು" ಅಂದರು.

"ನಿಮಗ್ಯಾಕತ್ತೆ ಈಗ?"

"ಯಾಕೆ, ನಂಗೆ ಮುಖ ಇಲ್ವೇನೇ?"

ಮುಚ್ಚಳ ತೆಗೆದೆ. ಹಾಕಿದೆ. ಬೆಳಿಗ್ಗೆ ಎದ್ದು, ನೀರು ಹಾಕಿಕೊಳ್ಳುವ ಮುಂಚೆ ಇನ್ನೊಂದು ಸಲ ಹಾಕಿಸಿಕೊಂಡರು. ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡರೆ ಅದು ನೀರಿಗೂ ಬಿಡದ ಎಣ್ಣೆಯಲ್ಲಿ ಕಲಸಿಕೊಂಡು ಬೂದು ಬಣ್ಣದ ಮುದ್ದೆಯಾಗಿ ಹುಬ್ಬಿಗೆ ಇಳಿಯಿತು. ಕನ್ನಡಿಯಲ್ಲಿ ನೋಡಿಕೊಂಡು, "ಶಿವಂಗೂ ನುಣುಪು ಬೇಕೇನೋ ಬುಡು" ಎಂದು ಪೂಜೆಗೆ ಕೂತರು.

ಆಮೇಲೆ ಶೀಶೆಯಲ್ಲಿ ಎಣ್ಣೆ ವಿಪರೀತ ಬೇಗ ಇಳಿಯತೊಡಗಿತು. ಅತ್ತೆಯನ್ನು ಕೇಳಿದರೆ ಕೊರಳಿನ ಲಿಂಗ ಮುಟ್ಟಿಕೊಂಡು ತಾವಲ್ಲ ಎಂದರು. ಕಳ್ಳ ಯಾರೆಂದು ಗೊತ್ತಾದದ್ದು ಒಂದು ಕೊಬ್ಬರಿ ಹರಾಜಿನ ದಿನ. ನನಗೆ ರಜೆ ಇತ್ತು. ಗಂಡ ಕನ್ನಡಕ ಮರೆತು ಹೋಗಿದ್ದಾರೆಂದು ಅದನ್ನು ಕೊಡಲು ಮಾರ್ಕೆಟ್ ಯಾರ್ಡಿಗೆ ಹೋದೆ. ಅಲ್ಲಿ ಚೀಲ ಸುರಿದು ಕೊಡವುತ್ತಿದ್ದರು. ಕಂದು ಧೂಳು ಎದ್ದಿತ್ತು. ಎಲ್ಲರ ಅಂಗಿಯ ಮೇಲೂ ಧೂಳಿತ್ತು. ಮುಖದ ಮೇಲೆ ಇದ್ದದ್ದು ನನ್ನ ಗಂಡನಿಗೆ ಮಾತ್ರ. ಹಣೆ, ಮೂಗು, ಕೆನ್ನೆ ಎಲ್ಲ ಕಡೆ ಹದವಾಗಿ ಮೆತ್ತಿಕೊಂಡು, ಅದರ ಮೇಲೆ ಒಂದೆರಡು ನಾರಿನ ಎಳೆ ಮೀಸೆಗೆ ಜೊತೆಯಾಗಿ ಜೋತಾಡುತ್ತಿದ್ದವು. ಅವರು ಅದೇ ಮುಖದಲ್ಲಿ ಬಹಳ ಗಂಭೀರವಾಗಿ ಕೊಬ್ಬರಿಯ ಗುಣ ಪರೀಕ್ಷೆ ಮಾಡುತ್ತಿದ್ದರು.

ಪಕ್ಕದ ಮಂಡಿಯ ಸಾಹೇಬರು ನನ್ನನ್ನು ನೋಡಿ, "ಬನ್ನಿ ಅಕ್ಕಾ. ಅಣ್ಣಾವ್ರು ಇವತ್ತು ಚೀಲದೊಳಗೆ ಇಣುಕಿ ನೋಡಿದ್ರೋ, ಅದ್ರೊಳಗೇ ಮಲಗೆದ್ರೋ ಗೊತ್ತಾಗ್ತಾ ಇಲ್ಲ" ಅಂದರು.

"ಬೆವರು ಕಣಯ್ಯಾ" ಎಂದು ಗಂಡ ಕರ್ಚೀಫಿನಿಂದ ಉಜ್ಜಿಕೊಂಡರು. ಧೂಳೆಲ್ಲ ಇನ್ನಷ್ಟು ಹರಡಿತು. ನಾನು ಕನ್ನಡಕ ಕೊಟ್ಟು ಬಂದೆ. ಆ ಮುಖಕ್ಕೆ ಕನ್ನಡಕ ಏರಿದ ಮೇಲೆ ಹೇಗಿತ್ತೆಂದು ವರ್ಣಿಸುವುದು ಪತಿವ್ರತಾಧರ್ಮಕ್ಕೆ ದ್ರೋಹವಾದೀತು.

ಸಂಜೆ ಮನೆಯಲ್ಲಿ ಕೇಳಿದೆ. "ಎಷ್ಟು ಹಾಕ್ಕೊಂಡ್ರಿ?"

"ಯಾವುದ?"

ಶೀಶೆ ಅವರ ಮುಂದಿಟ್ಟೆ. ಅದನ್ನೆತ್ತಿ, ಎಷ್ಟು ಮಿಕ್ಕಿದೆ ಎಂದು ಬೆಳಕಿಗೆ ಹಿಡಿದು ನೋಡಿದರು. "ಕಣ್ ಕೆಳಗೆ ಕಪ್ಪಾಗಿತ್ತು. ಅದಕ್ಕೆ ಒಂದ್ ಚೂರು... ಆಮೇಲೆ ಮಿಕ್ಕಿದ್ ಕಡೆಗೂ ಇರ್ಲಿ ಅಂತ." ಮತ್ತೆ ದನಿ ಇಳಿಸಿ ಹೇಳಿದರು: "ನೀನ್ ನೋಡಿದ್ರೆ ದಿನಾ ಹೊಳೀತಾ ಇದ್ದೀಯ. ನಾಳೆ ಯಾವನಾದ್ರೂ ನನ್ನನ್ನ ತಾತ ಅಂದ್ರೆ?"

ನನಗೆ ಒಂದು ಗಳಿಗೆ ಅಯ್ಯೋ ಪಾಪ ಅನ್ನಿಸಿತು. ಬಿಳಿಗೆರೆಯಿಂದ ಬರುವಾಗ ಅವರು ಹಂಪು ದಾಟಿದಾಗಲೆಲ್ಲ ನಕ್ಕದ್ದು ನೆನಪಾಗಿ, ಆ ಪಾಪ ಅಲ್ಲಿಗೇ ಮುಗಿಯಿತು. ಅವರೆದುರೇ ಮನಸಾರೆ ನಕ್ಕೆ.

ನನ್ನ ನಗು ಹೆಚ್ಚು ದಿನ ಉಳಿಯಲಿಲ್ಲ. ಗದ್ದದ ತುಂಬಾ ರಾಗಿ ಕಾಳಿನಂಥ ಗುಳ್ಳೆಗಳು ಎದ್ದವು. ಆಮೇಲೆ ಅವು ಕಡಲೆಕಾಳಾದವು. ಇಬ್ಬರೂ ತುಮಕೂರಿಗೆ ಚರ್ಮದ ಡಾಕ್ಟರ ಹತ್ತಿರ ಹೋದೆವು. ಆಕೆ ಚಿಕ್ಕ ವಯಸ್ಸಿನವಳು. ನನ್ನ ಮುಖ ನೋಡಿದ್ದೇ, "ಏನು ಹಚ್ಚಿದ್ರಿ?" ಎಂದಳು. ಹೇಳಿದೆ.

"ನಿಮ್ಮದು ಮೊದಲೇ ಎಣ್ಣೆ ಚರ್ಮ. ಅದರ ಮೇಲೆ ಇಷ್ಟು ದಪ್ಪದ ಎಣ್ಣೆ ಸುರಿದ್ರೆ ರಂಧ್ರ ಮುಚ್ಚಿಕೊಳ್ಳದೆ ಇನ್ನೇನಾಗತ್ತೆ? ಒಣ ಚರ್ಮದವರಿಗೆ ಹಿಡಿಸಬಹುದು. ನೀವು ಇವತ್ತೇ ನಿಲ್ಲಿಸಿ."

ನಿಲ್ಲಿಸಿ ಎಂದವಳು ಅಷ್ಟಕ್ಕೇ ನಿಲ್ಲಲಿಲ್ಲ. ಗುಳ್ಳೆಗೆ ಒಂದು ಟ್ಯೂಬು, ಬಿಸಿಲಿಗೆ ಒಂದು, ಮುಖ ತೊಳೆಯಲು ಒಂದು ಬರೆದಳು. ಅಷ್ಟರಲ್ಲಿ ಗಂಡ ಕುರ್ಚಿ ಮುಂದಕ್ಕೆ ಎಳೆದುಕೊಂಡು, "ಡಾಕ್ಟ್ರೇ, ಕಣ್ ಕೆಳಗೆ ಕಪ್ಪಿಗೆ ಏನಾದ್ರೂ..." ಅಂದರು. ಅದಕ್ಕೂ ಒಂದು ಸಿಕ್ಕಿತು. ಒಂದು ಎಣ್ಣೆಯ ಶೀಶೆಯಿಂದ ಬಿಡಿಸಿಕೊಳ್ಳಲು ಹೋದವರು ಔಷಧಿ ಅಂಗಡಿಯಿಂದ ಕೈಚೀಲ ತುಂಬಿಸಿಕೊಂಡು ಹೊರಗೆ ಬಂದೆವು.

ಗಣಿತದ ಮೇಡಂ ನನ್ನ ಗದ್ದ ನೋಡಿ ಮೊದಲು ಕೇಳಿದ್ದು, "ಮೊಣಕೈಗೆ ಹಚ್ಚಿ ನೋಡಿದ್ರಾ?" ಎಂದು. ಇಲ್ಲ ಎಂದೆ. "ನಾನ್ ಹೇಳಿದ್ದೆ" ಎಂದು ಉತ್ತರ ಪತ್ರಿಕೆಗೆ ಸೊನ್ನೆ ಹಾಕುವ ದನಿಯಲ್ಲಿ ಅಂದರು.

"ನೀವು ಹೆಂಗೆ ಹಚ್ಕೋತೀರಿ?"

"ನಾನಾ? ಅಯ್ಯೋ, ನಂಗೆ ಆಗಲ್ಲ ಮೇಡಂ. ಗುಳ್ಳೆ ಏಳ್ತವೆ."

ಶೀಶೆಯನ್ನು ಅತ್ತೆಗೆ ಕೊಟ್ಟುಬಿಟ್ಟೆ. ಸುಳ್ಳು ಹೇಳಬಾರದು, ಅವರಿಗೆ ಹಿಡಿಸಿತು. ಸುಕ್ಕು ಒಂದೂ ಕಡಿಮೆಯಾಗಲಿಲ್ಲ, ಆದರೆ ಕೆನ್ನೆಯ ಬಿರುಕು ಹೋಗಿ ಮೆತ್ತಗಾಯಿತು. ಮಧ್ಯಾಹ್ನ ಜಗುಲಿಗೆ ಬರುವ ಓರಗೆಯ ಹೆಂಗಸರಿಗೆಲ್ಲ ಕೆನ್ನೆ ಮುಟ್ಟಿಸಿ ನೋಡಿಸಿದರು. ಒಬ್ಬೊಬ್ಬರೇ ಅಂಗೈ ಒಡ್ಡತೊಡಗಿದರು. ಅತ್ತೆ ನನ್ನಿಂದ ಇನ್ನೊಂದು ಶೀಶೆ ತರಿಸಿಕೊಂಡು, ತೀರ್ಥ ಕೊಡುವಂತೆ ಹನಿ ಬಿಡತೊಡಗಿದರು. "ಉಜ್ಜಬ್ಯಾಡ್ರೇ, ತಟ್ಟಿ" ಎಂದು ಗದರುವುದನ್ನೂ ಕಲಿತರು.

ಪಕ್ಕದ ಮನೆಯ ಮುದುಕಿಗೂ ನಮ್ಮ ಅತ್ತೆಗೂ ಮಾತಿಲ್ಲ. ಅವರ ಹಿತ್ತಿಲಿನ ತೆಂಗಿನಮರ ನಮ್ಮ ಕಡೆಗೆ ಬಾಗಿದೆ, ಕಾಯಿ ನಮ್ಮ ಹೆಂಚಿನ ಮೇಲೆ ಬೀಳುತ್ತದೆ, ಇಷ್ಟಕ್ಕೇ ಜಗಳ. ಆ ಮುದುಕಿಯೂ ಒಂದು ಮಧ್ಯಾಹ್ನ ಬಂದು ಎಲ್ಲರ ಹಿಂದೆ ನಿಂತು ಕೈ ಚಾಚಿದಳು. ಅತ್ತೆ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು.

"ಮೊದ್ಲು ಮರ ಕಡ್ಸು. ಆಮೇಲ್ ಬಾ."

"ನಿನ್ ಎಣ್ಣೆ ನೀನೇ ಬಳ್ಕಳವ್ವ. ಸುಕ್ಕೇನು ಜಾರ್ ಬಿದ್ದೋಯ್ತದಾ?" ಎಂದು ಆಕೆ ಸೆರಗು ಕೊಡವಿಕೊಂಡು ಹೋದಳು.

ಸ್ವಲ್ಪ ದಿನಕ್ಕೇ ಆ ಮನೆಗೂ ಶೀಶೆ ಬಂತು. ನಮ್ಮದಕ್ಕಿಂತ ದೊಡ್ಡದು, ಗುಲಾಬಿ ವಾಸನೆಯದು. ಈಗ ಬೀದಿಯಲ್ಲಿ ಎರಡು ಜಗುಲಿಗಳಲ್ಲಿ ದರ್ಬಾರು ನಡೆಯುತ್ತದೆ. ಉಳಿದ ಮುದುಕಿಯರು ಯಾರ ಪಕ್ಷವನ್ನೂ ವಹಿಸಿಲ್ಲ. ಇಲ್ಲಿ ಒಂದು ಕೋಟು ಎಣ್ಣೆ ಹಾಕಿಸಿಕೊಂಡು, ಅಲ್ಲಿ ಇನ್ನೊಂದು ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ.

ಮೊನ್ನೆ ಭಾನುವಾರ ಹೆಂಚಿನ ಮೇಲೆ ದಬ್ ಎಂದು ಕಾಯಿ ಬಿತ್ತು. ಮಾಮೂಲಿನಂತೆ ಅತ್ತೆ ಹಿತ್ತಿಲಿಗೆ ನುಗ್ಗುತ್ತಾರೆಂದು ದಾರಿ ಬಿಟ್ಟು ನಿಂತೆ. ಅವರು ಚಾಪೆಯ ಮೇಲೆ ಅಂಗಾತ ಮಲಗಿದ್ದರು. ಮುಖ ಮಿರಮಿರ ಮಿಂಚುತ್ತಿತ್ತು.

ತುಟಿ ಅಲ್ಲಾಡಿಸದೆ ಹೇಳಿದರು: "ಈಗ ಬಾಯಿ ಮಾಡಿದ್ರೆ ಮುಖ ಸುಕ್ಕಾಯ್ತದೆ ಕಣೇ. ನೀನೇ ಹೋಗಿ ಬೈದು ಬಾ."

ಹೋದೆ. ಬೇಲಿಯ ಆಚೆಯಿಂದ ಬಂದವಳು ಆ ಮುದುಕಿಯ ಸೊಸೆ. "ನಮ್ಮತ್ತೇನೂ ಹಚ್ಕೊಂಡ್ ಮಲಗವ್ರೆ ಅಕ್ಕಾ. ನನ್ನೇ ಕಳ್ಸುದ್ರು" ಅಂದಳು. ಇಬ್ಬರೂ ಸ್ವಲ್ಪ ಹೊತ್ತು ಗಂಟಲು ಹರಿಯುವಂತೆ ಬೈದಾಡಿದೆವು. ಒಳಗಿನವರಿಗೆ ಚೆನ್ನಾಗಿ ಕೇಳಿಸಿತು ಎಂದು ಖಾತ್ರಿಯಾದ ಮೇಲೆ ಕಾಯಿ ಒಡೆದು, ಆಳಿಗೊಂದು ಹೋಳು ತೆಗೆದುಕೊಂಡು ನಮ್ಮ ನಮ್ಮ ಅಡುಗೆಮನೆಗೆ ಹೋದೆವು.