ಮೊದಲು ಗಾಯ, ಆಮೇಲೆ ಹೆಸರು

ಆ ಬೆಳಿಗ್ಗೆಯೂ ಎಂದಿನಂತೆಯೇ ಇತ್ತು. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹಾಲಿನ ಖಾಲಿ ಕಾಗದದ ಡಬ್ಬಿ ತೊಳೆದು, ಕತ್ತರಿಸಿ, ಮರುಬಳಕೆಗೆಂದು ಒಣಗಲು ಇಟ್ಟೆ. ನಮ್ಮ ಯಜಮಾನರು ಕೋಣೆಯ ಬಾಗಿಲು ಹಾಕಿಕೊಂಡು ಆಫೀಸಿನ ಮೊದಲ ಕಾಲ್ ಶುರು ಮಾಡಿದ್ದರು. ಮಾಸ್ಕ್ ಏರಿಸಿ, ಬಾಟಲಿಗಳ ಚೀಲ ಹಿಡಿದು ಕೆಳಗಿಳಿದರೆ ನೆರೆಯ ಮೊರಿತಾ ಸಾನ್ ಅವರ ಅಂಗಡಿಯ ಮುಂದೆ ಟ್ಯಾಕ್ಸಿ. ಹಮಾಮತ್ಸು ಊರಿನಲ್ಲಿರುವ ಮಗಳು ಅಪ್ಪನನ್ನು ತನ್ನ ಮನೆಗೆ ಕರೆದೊಯ್ಯಲು ಬಂದಿದ್ದಳು.

ಎರಡು ವರ್ಷ ಅದೇ ಹೊತ್ತಿಗೆ ನಾನು ಕಂಡದ್ದು ಬೇರೆ ನೋಟ. ಎಂಬತ್ತು ದಾಟಿದ ಮನುಷ್ಯ ಮಾಸ್ಕನ್ನು ಗಲ್ಲಕ್ಕಿಳಿಸಿ, ಹಳೆಯ ಬೇಸ್‌ಬಾಲ್ ಗ್ಲೌಸಿನೊಳಗೆ ಮುಖವಿಟ್ಟು ಮೂಸುತ್ತ ಕೂತಿರುತ್ತಿದ್ದರು. ಅಂಥ ಗ್ಲೌಸುಗಳ ಗುರುತು ಹಿಡಿದು ಬೆಲೆ ಹೇಳುವುದು ಅವರ ಕೆಲಸ. ಒಂದು ಕಾಲದಲ್ಲಿ ಅಮೆರಿಕದ ಹೆಸರಾಂತ ಆಟಗಾರರ ಸಹಿಯನ್ನು ಅಂಗೈ ಚರ್ಮದ ಮೇಲೆ ಒತ್ತಿ, ಚಿನ್ನದ ಬಣ್ಣ ಕೊಟ್ಟು, ಇಲ್ಲಿ ಜಪಾನಿನ ಕಾರ್ಖಾನೆಗಳಿಂದಲೇ ಹಡಗಿಗೆ ಹಾಕುತ್ತಿದ್ದರಂತೆ. ಎಲ್ಲರೂ ಹುಡುಕುವ ಆ ಸಹಿಯನ್ನು ಮೊರಿತಾ ಸಾನ್ ಕೊನೆಗೆ ನೋಡುವರು. ಮೊದಲು ವಾಸನೆ, ಆಮೇಲೆ ಬೆರಳುಗಳ ನಡುವಿನ ತೊಗಲಿನ ದಾರ, ಒಳಗಿನ ಅಸ್ತರು. ಕಣ್ಣು ಮುಚ್ಚಿ ಕೈ ತೂರಿಸಿ, ಆಡಿದವನಿಗೆ ಕಿರುಬೆರಳು ಸೊಟ್ಟಗಿತ್ತು ಅನ್ನುವರು.

"ಹೆಸರು ಸಾವಿರ ಗ್ಲೌಸಿನ ಮೇಲಿರುತ್ತೆ ಒಕುಸಾನ್, ಒಳಗಿನ ಕೈ ಒಂದೇ." ನೆರೆಮನೆಯ ಗೃಹಿಣಿಯಾದ ನಾನು ಅವರಿಗೆ ಒಕುಸಾನ್.

ಕೊರೋನಾಕ್ಕೆ ಹೆದರಿ ಎಲ್ಲರೂ ಮನೆಯೊಳಗೆ ಸೇರಿಕೊಂಡ ಆ ಮೊದಲ ಬೇಸಿಗೆಯಲ್ಲಿ, ದಿನವಿಡೀ ಯಾರ ಜೊತೆ ಮಾತಾಡುತ್ತೀರಿ ಎಂದು ಒಮ್ಮೆ ಕೇಳಿದ್ದರು. ನಮ್ಮ ರೈಸ್ ಕುಕ್ಕರ್ ಅನ್ನವಾದಾಗ ಹಾಡುತ್ತದೆ, ಅದರ ಜೊತೆ ಎಂದು ನಕ್ಕಿದ್ದೆ. ಮರುದಿನವೇ ಕಾಗದದ ಕಟ್ಟು ತಂದರು. ವಿದೇಶದ ಗಿರಾಕಿಗಳಿಗೆ ಉತ್ತರ ಬರೆಯಬೇಕು, ತನಗೆ ಇಂಗ್ಲಿಷ್ ಬರುವುದಿಲ್ಲ ಎಂದರು. ಕಾನ್ವೆಂಟ್ ಶಾಲೆಯ ಸಿಸ್ಟರುಗಳು ತಿದ್ದಿಸಿದ ಕೂಡುಬರಹ ಇಷ್ಟು ವರ್ಷಗಳ ಮೇಲೆ ಕೆಲಸಕ್ಕೆ ಬಂತು. ಅವರು ನಿಧಾನವಾದ ಜಪಾನಿಯಲ್ಲಿ ಹೇಳುವರು, ನಾನು ಬರೆಯುವೆ. ನಿಯಮ ಒಂದೇ: "ಮೊದಲು ಗಾಯ ಬರೀರಿ, ಆಮೇಲೆ ಹೆಸರು." ಹರಿದದ್ದು, ಸವೆದದ್ದು ಎಲ್ಲ ಮೊದಲ ಸಾಲುಗಳಲ್ಲೇ ಬರಬೇಕು.

ಸೋಂಕು ಹೆಚ್ಚಿದಾಗ, ಪಾರ್ಸೆಲ್ ಮುಟ್ಟಬೇಡ ಎಂದು ಅವರ ಮಗಳು ತಾಕೀತು ಮಾಡಿದ್ದರಿಂದ ಅವು ನಮ್ಮ ಮನೆಗೆ ಬರತೊಡಗಿದವು. ಒಮ್ಮೆ ಅಮೆರಿಕದ ಮುದುಕರೊಬ್ಬರು ತೀರಿಹೋದ ಅಣ್ಣನ ಗ್ಲೌಸ್ ಕಳಿಸಿದ್ದರು. ಕೊತ್ತಂಬರಿ ಸೊಪ್ಪಿನಿಂದ ಹಿಡಿದು ಎಲ್ಲವನ್ನೂ ತೊಳೆಯುತ್ತಿದ್ದ ದಿನಗಳು. ನಾನು ಅದಕ್ಕೂ ಸ್ಯಾನಿಟೈಸರ್ ಹಾಕಿ ಒರೆಸಿದೆ. ಸಹಿಯ ಚಿನ್ನವೆಲ್ಲ ಟಿಶ್ಯೂಗೆ ಬಂತು.

ನಾನು ಬಾಯಿ ಬಿಡಲಿಲ್ಲ. ಬಂದದ್ದೇ ಹಾಗೆ ಎಂದು ಅವರು ತಿಳಿದರು. ಪತ್ರದಲ್ಲಿ ಅವರು ಹೇಳಿದ್ದರ ನಡುವೆ, ಹೆಸರು ಕಾಲಕ್ರಮದಲ್ಲಿ ಮಾಸಿದೆ ಎಂದು ಇಂಗ್ಲಿಷಿನಲ್ಲಿ ನಾನೇ ಒಂದು ಸಾಲು ಸೇರಿಸಿದೆ. ಬರೆದದ್ದನ್ನು ಅವರಿಗೆ ಜಪಾನಿಯಲ್ಲಿ ಓದಿ ಹೇಳುವಾಗ ಅದನ್ನು ಹಾರಿಸಿದೆ. ಮೊರಿತಾ ಸಾನ್ ಹಾಳೆಯನ್ನು ಬಹಳ ಹೊತ್ತು ನೋಡಿದರು. ಬರಹ ಚೆಂದ ಎಂದರು. ಅವರ ಹೆಬ್ಬೆರಳು ಆ ಸಾಲಿನ ಪಕ್ಕದಲ್ಲೇ ಇತ್ತು.

"ಇವತ್ತು ಕಳಿಸೋದು ಬೇಡ. ಗಾಯ ಯಾವುದಾದರೂ ಬಿಟ್ಟುಹೋಗಿದೆಯಾ, ನಾಳೆ ಇನ್ನೊಂದು ಸಲ ನೋಡೋಣ."

ಮರುದಿನ ಹೋಗಿ ಎಲ್ಲ ಹೇಳಿದೆ. ಸುಮಿಮಾಸೆನ್, ಕ್ಷಮಿಸಿ ಎಂದು ಎಷ್ಟು ಸಲ ಬಾಗಿದೆನೋ. ಅವರು ಟಾರ್ಚ್ ತೆಗೆದು ಚರ್ಮದ ಮೇಲೆ ಅಡ್ಡಡ್ಡ ಬೆಳಕು ಬಿಟ್ಟರು. ಬಣ್ಣವಿಲ್ಲದ ಅಕ್ಷರಗಳು ನೆರಳಾಗಿ ಎದ್ದವು.

"ಚಿನ್ನ ಹೋಯಿತು, ಒತ್ತಿದ ಗುರುತು ಉಳಿದಿದೆ. ಆದರೂ ಬೆಲೆ ಇಳಿಯುತ್ತೆ. ಬರೀರಿ: ಹೆಸರಿನ ಬಣ್ಣ ಅಳಿಸಿದ್ದು ನಮ್ಮ ಕೈಯಿಂದ."

ನಮ್ಮ ಅಲ್ಲ, ನನ್ನ ಎಂದೆ.

"ಅಂಗಡಿಯಲ್ಲಿ ಇರೋದು ನಾವಿಬ್ಬರೇ ಅಲ್ಲವಾ," ಎಂದು ಚಹಾಕ್ಕೆ ನೀರಿಟ್ಟರು.

ಅಣ್ಣನ ಹೆಸರಲ್ಲವಲ್ಲ ಅಳಿಸಿದ್ದು, ಚಿಂತೆ ಬೇಡ ಎಂದು ಆ ಮುದುಕರ ಉತ್ತರ ಬಂತು. ಪತ್ರವನ್ನು ಅವರ ಮುಂದೆ ಬಿಡಿಸಿಟ್ಟು, ನಾನದನ್ನು ಜಪಾನಿಯಲ್ಲಿ ಹೇಳಲು ತಡವರಿಸುವ ಮೊದಲೇ ಮೊರಿತಾ ಸಾನ್ ಮುಖದಲ್ಲಿ ನಗುವಿತ್ತು. ನನ್ನ ಸಮಾಧಾನ ಕಂಡು ನಕ್ಕರು ಅಂದುಕೊಂಡೆ.

ಆ ಬೆಳಿಗ್ಗೆ ಟ್ಯಾಕ್ಸಿ ಹತ್ತುವ ಮೊದಲು ಅವರು ಆ ಟಾರ್ಚನ್ನು ನನ್ನ ಕೈಗಿಟ್ಟರು. ಬಾಟಲಿಗಳ ಚೀಲದ ಜೊತೆ ಅದನ್ನೂ ಹಿಡಿದುಕೊಂಡೇ ತಲೆಬಾಗಿದೆ.

ಸಂಜೆ ಮೂಲೆಯ ಕೊಂಬಿನಿ ಅಂಗಡಿಯಿಂದ ಮೊಸರು ತರುವಾಗ, ಅವರ ಪಕ್ಕದ ಮನೆಯ ಇಶಿಯಿ ಸಾನ್ ಬಾಗಿಲ ಮುಂದೆ ಕಸ ಗುಡಿಸುತ್ತಿದ್ದರು. ಮುಚ್ಚಿದ ಶಟರಿನ ಕಡೆ ಗಲ್ಲ ಎತ್ತಿ, ಗುಡಿಸುವುದನ್ನು ನಿಲ್ಲಿಸದೆಯೇ ಅಂದರು:

"ಇನ್ನು ವಿದೇಶದವರು ದಾರಿ ಕೇಳಿಕೊಂಡು ಬಂದರೆ ನಿಮ್ಮನ್ನೇ ಕರೀಬೇಕು. ನಮ್ಮ ಬೀದಿಯವರಲ್ಲಿ ಇಂಗ್ಲಿಷ್ ಬರ್ತಿದ್ದದ್ದು ಮೊರಿತಾ ಸಾನ್ ಒಬ್ಬರಿಗೇ."