ಶಿಗ್ಗಾಂವದಲ್ಲಿ ನಾನು ಆ್ಯಪ್ ಬದಲಿಸಿದ್ದು

ಶಿಗ್ಗಾಂವದ ನಮ್ಮ ಪಕ್ಕದ ಮನೆಯಾಕೆ ಬಾಗಿಲ ಮುಂದೆಯೇ ನಿಂತು ಫೋನು ಮಾಡಿ, “ಒಳಗ ಬರ್ಲೇನ್ರಿ?” ಎಂದು ಕೇಳಿದಳು. ನಾನು ದಂಗಾದೆ. ನಮ್ಮ ಚಿಕ್ಕೇರೂರಿನಲ್ಲಿ ಕೂಗುತ್ತಲೇ ಬಂದು ಒಲೆಯ ಮುಂದೆ ಕೂರುತ್ತಾರೆ.

ಮೊಮ್ಮಗುವನ್ನು ನೋಡಿಕೊಳ್ಳಲು ಮಗಳು ರೇಣುಕಾಳ ಮನೆಗೆ ಬಂದು ಎಂಟು ತಿಂಗಳಾಯಿತು. ಇಲ್ಲಿ ನಳದಲ್ಲೇ ನೀರು ಬರುತ್ತದೆ, ಮಾತಿಗೆ ಮಾತ್ರ ಜನ ಸಿಗುವುದಿಲ್ಲ. ಅದಕ್ಕೆ ರೇಣುಕಾ, ಊರಿನಲ್ಲಿ ಹಳೆ ಬಟ್ಟೆಯ ಕೌದಿ ಹೊಲಿಯುವ ನಮ್ಮ ಗುಂಪನ್ನು ಒಂದು ಜಾಲತಾಣಕ್ಕೆ ಸೇರಿಸಿದಳು. ಅದಕ್ಕೆ ಒಬ್ಬನೇ ಧಣಿ ಇಲ್ಲವಂತೆ; ಅವರವರ ಸರ್ವರ್ ಅವರವರು ನಡೆಸುತ್ತಾರೆ, ಮಾತು ಎಲ್ಲ ಕಡೆಗೂ ಹೋಗುತ್ತದೆ. ಅವರು ಹೊಲಿಗೆಯ ಫೋಟೋ ಹಾಕುತ್ತಾರೆ, ನಾನು ಅದರಲ್ಲಿನ ತಪ್ಪು ತೋರಿಸುತ್ತೇನೆ. ನನಗಿದ್ದ ಸಂಗ ಅದೊಂದೇ.

ಆದರೆ ಅದನ್ನು ನೋಡಲು ಫೋನಿಗೆ ಹಾಕಿಕೊಟ್ಟ ಆ್ಯಪಿನ ಅಕ್ಷರ ಎಳ್ಳಿನಷ್ಟು. ನಾನು ಕಲಿತದ್ದು ಮೂರನೇ ಇಯತ್ತೆ.

“ಅದ ಜಾಲತಾಣಕ್ಕ ಬ್ಯಾರೆ ಆ್ಯಪ್ ಅದಾವು, ನೋಡಬೇ,” ಎಂದು ರೇಣುಕಾ ಮೂರು ತೋರಿಸಿದಳು. ಒಂದು ಬರೀ ಇಂಗ್ಲಿಷು. ಇನ್ನೊಂದು ಗುರುತಿಲ್ಲದವರನ್ನೇ ಮುಂದೆ ತಂದು ನಿಲ್ಲಿಸುತ್ತಿತ್ತು. ಮೂರನೆಯದರ ಅಕ್ಷರ ದಪ್ಪ, ಒತ್ತಿದರೆ ಕನ್ನಡದಲ್ಲಿ ಓದಿಯೂ ಹೇಳುತ್ತದೆ. ಅದೇ ಇರಲಿ ಎಂದೆ.

ಹಳೆಯ ಆ್ಯಪ್ ಬಿಟ್ಟರೆ ಅಲ್ಲಿನ ಜನವನ್ನೂ ಬಿಟ್ಟಂತೆ ಎಂದು ತಿಳಿದಿದ್ದೆ. ಓಣಿಗೆ ಹೇಳದೆ ಮನೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಮರುದಿನ ಮಗಳು ಕೆಲಸಕ್ಕೆ ಹೋದ ಮೇಲೆ ಹಳೆಯದರಲ್ಲಿ ಬರೆದೆ: “ನಾ ಹೊಂಟೇನಿ. ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ. ನನ್ನ ಕೌದಿ ಗಂಗವ್ವ ಮುಗಸ್ಲಿ.” ಅಷ್ಟರಲ್ಲಿ ಫೋನು ಆರಿತು. ಚಾರ್ಜಿಗೆ ಹಾಕಿ ಮರೆತೆ.

ಮಧ್ಯಾಹ್ನ ಊರಿನಿಂದ ನನ್ನ ವಾರಿಗೆಯ ಗೆಳತಿ ಗಂಗವ್ವ ಅಳುತ್ತ ಒಳಗೆ ಬಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ.

“ಸತ್ತಿಲ್ಲೇನ ನೀ?”

“ಸತ್ತಿದ್ರ ರೊಟ್ಟಿ ಯಾರ ಬಡೀತಿದ್ರು?”

“ಖೋಡಿ! ಬಸ್ಸಿನ ತುಂಬ ಅಳಕೋಂತ ಬಂದೇನಿ. ಕಂಡಕ್ಟರ್ ನೀರ ಕುಡಿಸಿದ.”

ಮತ್ತೆ ಐದು ರೊಟ್ಟಿ ಬಡಿದೆ.

ಸಂಜೆ ರೇಣುಕಾ ಹೊಸ ಆ್ಯಪ್ ತೆರೆದು ನನ್ನ ಹಳೆಯ ಹೆಸರನ್ನೇ ಹಾಕಿದಳು. ಎಲ್ಲರೂ ಅಲ್ಲೇ ಇದ್ದರು. ನನ್ನ ವಿದಾಯವೂ ಇತ್ತು, ಅದರ ಕೆಳಗೆ ಊರಿನ ಅಳುವೂ ಇತ್ತು.

“ಆ್ಯಪ್ ಅಂದ್ರ ಕಿಡಕಿ ಅಷ್ಟಬೇ,” ಎಂದಳು. “ಮಂದಿ ಎಲ್ಲಿ ಹೋಗ್ತಾರ?”

ಊರಿಗೆ ಹೊರಟ ಗಂಗವ್ವ ಬಸ್ ಸ್ಟ್ಯಾಂಡಿನಲ್ಲಿ, “ನೀನೂ ನಡಿ,” ಎಂದಳು. ಕಂಕುಳಲ್ಲಿದ್ದ ಕೂಸು ನನ್ನ ಸೆರಗು ಜಗ್ಗುತ್ತಿತ್ತು. ಈಗ ಆಗುವುದಿಲ್ಲ ಎಂದೆ.

ಬಸ್ಸು ಹೋಗಿ ಸ್ವಲ್ಪ ಹೊತ್ತಿಗೆ ಫೋಟೋ ಬಂತು. ಗಂಗವ್ವನ ಪಕ್ಕದ ಸೀಟು ಖಾಲಿ, ಅದರ ಮೇಲೆ ಅವಳ ಕೈವಸ್ತ್ರ. “ನಿನ್ನ ಜಾಗಾ ಹಿಡದೇನಿ,” ಎಂದು ಬರೆದಿದ್ದಳು.

“ಯಾರರ ನಿಂತಿದ್ರ ಕುಂದ್ರಸು,” ಎಂದು ಬರೆದೆ.