ಈ ಕಡೆ ನೋಡೋ

ನ್ಯಾಮತಿಯ ಬಸ್‌ಸ್ಟ್ಯಾಂಡ್ ಎದುರು ಫೋಟೋ ಸ್ಟುಡಿಯೋ ಇಟ್ಟಿದ್ದ ಕಲೀಮುಲ್ಲಾನಿಗೆ ಒಂದು ಹುಚ್ಚಿತ್ತು. ಬೈಕಿನ ಕನ್ನಡಿಯಲ್ಲಿ ಕಂಡ ತನ್ನನ್ನೇ ಕುಕ್ಕುವ ಕಾಗೆ, ದಿನಾ ಬೇಕರಿ ಮುಂದೆ ಬಂದು ಬನ್ನಿಗೆ ಕಾಯುವ ಮೇಕೆ, ಬಸ್ಸು ಮರೆಯಾದ ಮೇಲೂ ಕೈ ಬೀಸುತ್ತಲೇ ಇರುವ ಅಜ್ಜಿ, ಇಂಥವು ಕಂಡರೆ ಗಿರಾಕಿಯನ್ನು ಸ್ಟೂಲಿನ ಮೇಲೆಯೇ ಬಿಟ್ಟು ಕ್ಯಾಮೆರಾ ಹಿಡಿದು ಓಡುತ್ತಿದ್ದ. ಸುದ್ದಿ ಮುಟ್ಟಿಸುತ್ತಿದ್ದವನು ಪಕ್ಕದ ಗೊಬ್ಬರದಂಗಡಿಯ ಗೆಳೆಯ ಷಣ್ಮುಖಪ್ಪ.

"ಲೇ ಕಲೀಮಾ, ಬೇಗ ಬಾರೋ, ಕಾಗೆ ಮತ್ತೆ ಬಂದೈತೆ!"

ಅದೇ ಕ್ಯಾಮೆರಾ ತನ್ನತ್ತ ತಿರುಗಿದರೆ ಮಾತ್ರ ಷಣ್ಮುಖಪ್ಪ ಅಂಗಿಯನ್ನು ಕೆಳಗೆಳೆದು, ಉಸಿರು ಬಿಗಿಹಿಡಿದು, ಎತ್ತಲೋ ನೋಡುತ್ತಾ ಕಂಬದಂತೆ ನಿಂತುಬಿಡುತ್ತಿದ್ದ.

"ಕಾಗೆಗಿರೋ ಧೈರ್ಯ ನಿಂಗಿಲ್ವಲ್ಲೋ! ಈ ಕಡೆ ನೋಡೋ!" ಎಂದು ಕಲೀಮುಲ್ಲಾ ಮೂವತ್ತು ವರ್ಷ ಬೈದ. ಆತ ಒಮ್ಮೆಯೂ ನೋಡಲಿಲ್ಲ.

ಕಳೆದ ವಾರ ಎದೆನೋವೆಂದು ಅಂಗಡಿಯಲ್ಲಿ ಕುಳಿತ ಷಣ್ಮುಖಪ್ಪ ಮತ್ತೆ ಏಳಲಿಲ್ಲ. ಅವರ ಪದ್ಧತಿಯಂತೆ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿದ್ದರು. ಮುಖ ಬಾಗಿಲ ಕಡೆ ವಾಲಿತ್ತು. ಕೊನೆಯ ಫೋಟೋಗೆ ಕಲೀಮುಲ್ಲಾನನ್ನೇ ಕರೆಸಿದರು. ಅವನು ಕ್ಯಾಮೆರಾ ಎತ್ತಿದ. ಷಣ್ಮುಖಪ್ಪ ಅಂಗಿ ಎಳೆದುಕೊಳ್ಳಲಿಲ್ಲ.

"ಲೇ, ಈ ಕಡೆ ನೋಡೋ."

ಮೂವತ್ತು ವರ್ಷದ ರೂಢಿ, ಬಾಯಿಂದ ಜಾರಿಬಿಟ್ಟಿತು. ಅಳುತ್ತಿದ್ದವರೆಲ್ಲ ಅವನತ್ತ ತಿರುಗಿದರು. ನೆಲ ಬಾಯಿ ಬಿಡಬಾರದೇ ಎನ್ನಿಸಿತು ಕಲೀಮುಲ್ಲಾನಿಗೆ. ಷಣ್ಮುಖಪ್ಪನ ಹೆಂಡತಿ ನಿರ್ಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು.

"ಇವರು ಯಾವತ್ತು ನಿಮ್ಮ ಮಾತು ಕೇಳಿದಾರ್ರೀ, ಅಣ್ಣಾ?" ಎಂದು, ಗಂಡನ ಗದ್ದ ಹಿಡಿದು ಮುಖವನ್ನು ಮೆಲ್ಲಗೆ ಕ್ಯಾಮೆರಾ ಕಡೆ ತಿರುಗಿಸಿದರು.